ಕರೆಯದ ಯಜ್ಞವೂ ವೀರಭದ್ರನ ಖಡ್ಗವೂ



ಮಾರ್ಗಶಿರ ಮಾಸದ ಹೊಸ್ತಿಲ ಹುಣ್ಣಿಮೆ ಬಂದಿತೆಂದರೆ ರಾಮದುರ್ಗ ತಾಲೂಕಿನ ಗೊಡಚಿಯ ದಾರಿಗಳೆಲ್ಲ ಭಕ್ತರಿಂದ ತುಂಬಿಹೋಗುತ್ತವೆ. ಎಲ್ಲರ ಬಾಯಲ್ಲೂ ವೀರಭದ್ರೇಶ್ವರನ ನಾಮವೇ. ಕೃಷ್ಣಾತೀರದ ಯಡೂರಿನಲ್ಲಿ ನೆಲೆಸಿದವನೂ ಆತನೇ. ಬಾಳೇಹೊನ್ನೂರಿನ ಶ್ರೀ ರಂಭಾಪುರಿ ಪೀಠದ ಕ್ಷೇತ್ರನಾಥನೂ ಆತನೇ. ವಿಜಯನಗರದ ಅರಸರ ಕಾಲದಲ್ಲಿ ಹಂಪಿಯ ಉದ್ದಾನ ವೀರಭದ್ರನಾಗಿ, ಆಂಧ್ರದ ಲೇಪಾಕ್ಷಿಯ ವೀರಭದ್ರನಾಗಿ ಪೂಜೆಗೊಂಡವನೂ ಆತನೇ. ನಾಡಿನಲ್ಲಿ ಸಾವಿರಾರು ಮನೆತನಗಳಿಗೆ ಆತನು ಮನೆದೇವರು.

ಈ ದೇವನ ಅವತಾರದ ಕಥೆಯನ್ನು ನೀವೆಲ್ಲ ಬಲ್ಲಿರಿ. ಮಹಾಕವಿ ರಾಘವಾಂಕನು ಇದನ್ನೇ ವಸ್ತುವಾಗಿಸಿಕೊಂಡು ಉದ್ದಂಡ ಷಟ್ಪದಿಯಲ್ಲಿ ‘ವೀರೇಶ ಚರಿತೆ’ಯನ್ನು ರಚಿಸಿದನು. ದಕ್ಷಬ್ರಹ್ಮನು ಮಹಾಯಜ್ಞವನ್ನು ಹೂಡಿದನು. ದೇವತೆಗಳನ್ನೂ ಋಷಿಗಳನ್ನೂ ಕರೆದನು. ಮಗಳನ್ನೂ ಅಳಿಯನನ್ನೂ ಬಿಟ್ಟನು. ತವರಿನ ಮೋಹದಿಂದ ಕರೆಯದೆಯೇ ಹೋದ ದಾಕ್ಷಾಯಣಿಯು ಪತಿನಿಂದೆಯನ್ನು ಕೇಳಲಾರದೆ ಅಲ್ಲಿಯೇ ದೇಹತ್ಯಾಗ ಮಾಡಿದಳು. ಪರಶಿವನು ತನ್ನ ಜಟೆಯನ್ನು ಕಿತ್ತು ನೆಲಕ್ಕಪ್ಪಳಿಸಿದಾಗ ವೀರಭದ್ರನು ಉದ್ಭವಿಸಿದನು. ತಾಂಡವವಾಡುತ್ತ ಯಜ್ಞಶಾಲೆಯನ್ನು ಹೊಕ್ಕು ದಕ್ಷನ ಶಿರವನ್ನು ಹರಿದನು.

ಆ ಸಭೆಯಲ್ಲಿ ದಕ್ಷನೊಬ್ಬನೇ ದಂಡನೆಗೆ ಗುರಿಯಾಗಲಿಲ್ಲ ಎಂಬುದನ್ನು ಭಕ್ತರು ಗಮನಿಸಬೇಕು. ಶಿವನಿಂದೆ ನಡೆದಾಗ ಹಲ್ಲು ಕಿರಿದು ನಕ್ಕ ಪೂಷನ ಹಲ್ಲುಗಳುದುರಿದವು. ಕಣ್ಸನ್ನೆಯಿಂದ ದಕ್ಷನನ್ನು ಹುರಿದುಂಬಿಸಿದ ಭಗನ ಕಣ್ಣುಗಳು ಹೋದವು. ಶಿವನಿಲ್ಲದ ಯಜ್ಞವು ಯಜ್ಞವಲ್ಲವೆಂದು ಎದುರು ನುಡಿದು ಹೊರನಡೆದ ದಧೀಚಿ ಮಹರ್ಷಿಗೆ ಮಾತ್ರ ಯಾವ ಬಾಧೆಯೂ ತಟ್ಟಲಿಲ್ಲ. ಅನ್ಯಾಯವನ್ನು ಕಂಡೂ ಹವಿಸ್ಸಿನ ಆಸೆಗೆ ಸುಮ್ಮನೆ ಕುಳಿತವರಿಗೂ ಅದರಲ್ಲಿ ಪಾಲುಂಟು.

ಈ ಮಾತನ್ನು ನಾವು ಗ್ರಂಥದಿಂದ ಓದಿ ಬಲ್ಲೆವು. ಆದರೆ ಅದರ ಅರ್ಥವನ್ನು ಕಲಿಸಿದವನು ಒಬ್ಬ ಪುರವಂತ.

ಹಲವು ವರ್ಷಗಳ ಹಿಂದೆ ನಮ್ಮ ಮಠದ ಹಿರಿಯ ಭಕ್ತರೊಬ್ಬರು ಮಗನ ಲಗ್ನಪತ್ರಿಕೆಯನ್ನು ತಂದು ನಮ್ಮ ಮುಂದಿಟ್ಟರು. ಮನೆದೇವರು ವೀರಭದ್ರನಾದ್ದರಿಂದ ಲಗ್ನಕ್ಕೆ ಮುಂಚೆ ಗುಗ್ಗಳ ತೆಗೆಯುವುದಿತ್ತು. ಪತ್ರಿಕೆಯಲ್ಲಿ ನಮ್ಮ ಹೆಸರು ಎಲ್ಲಕ್ಕಿಂತ ಮೇಲಿತ್ತು. ಅವರ ಒಡಹುಟ್ಟಿದ ತಮ್ಮನ ಹೆಸರು ಎಲ್ಲಿಯೂ ಇರಲಿಲ್ಲ. ಹೊಲದ ಬದುವಿನ ಸಲುವಾಗಿ ಅಣ್ಣತಮ್ಮಂದಿರು ನಾಲ್ಕು ವರ್ಷಗಳಿಂದ ಮಾತು ಬಿಟ್ಟಿದ್ದರು. ಅದು ನಮಗೂ ತಿಳಿದಿತ್ತು. ಅಣ್ಣನವರು ಮಠದ ದಾಸೋಹಕ್ಕೆ ವರ್ಷವರ್ಷವೂ ಜೋಳದ ಚೀಲಗಳನ್ನು ಕಳಿಸುವವರು. ನಾವು ಅಂದು ಪತ್ರಿಕೆಯನ್ನು ನೋಡಿ, ಆಶೀರ್ವದಿಸಿ, ಸುಮ್ಮನಾದೆವು.

ಪಕ್ಕದಲ್ಲಿ ಕುಳಿತಿದ್ದ ವೃದ್ಧ ಪುರವಂತನು ಮಾತ್ರ ಕೇಳಿದನು: “ಯಜಮಾನ್ರ, ಗುಗ್ಗಳದಾಗ ನಾ ಒಡಪು ಹೇಳಬೇಕು. ದಕ್ಷ ತನ್ನವರನ್ನ ಕರೀಲಿಲ್ಲ ಅನ್ನೂದ ಬರತೈತಿ. ಅದನ್ನ ನಿಮ್ಮ ಅಂಗಳದಾಗ ನಿಂತು ಹ್ಯಾಂಗ ಹೇಳ್ಲಿ?”

“ಕರದ್ರೂ ಅಂವ ಬರಾಂವಲ್ಲ” ಎಂದರು ಅಣ್ಣನವರು.

“ಬರೂದು ಬಿಡೂದು ಅವನ ಪಾಲು. ಕರಿಯೂದು ನಿಮ್ಮ ಪಾಲು” ಎಂದನು ಪುರವಂತ.

ಗುರುಪೀಠದಿಂದ ಬರಬೇಕಾಗಿದ್ದ ಮಾತು ಅದು. ನಾವು ಭಗನಂತೆ, ಪೂಷನಂತೆ ಆ ಸಭೆಯಲ್ಲಿ ಕುಳಿತಿದ್ದೆವೆಂದು ನಮಗೆ ಆಗ ಅರಿವಾಯಿತು. ಮರುದಿನ ಅಣ್ಣನವರನ್ನು ಜೊತೆಗೆ ಕರೆದುಕೊಂಡು ನಾವೇ ತಮ್ಮನ ಮನೆಗೆ ಹೋದೆವು. ತಮ್ಮನು ನಮ್ಮ ಪಾದಕ್ಕೆರಗಿದನು. ಅಣ್ಣನ ಕೈಯ ಪತ್ರಿಕೆಯನ್ನು ತೆಗೆದುಕೊಂಡನು, ಮಾತಾಡಲಿಲ್ಲ.

ಗುಗ್ಗಳದ ದಿನ ಕರಡಿ, ಸಂಬಾಳ ಮೊಳಗಿದವು. ಕಾವಿಯ ಕಚ್ಚೆ, ಎದೆಯ ಮೇಲೆ ವೀರಭದ್ರನ ಹಲಗೆ, ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ಖಡ್ಗ. ಆ ಪುರವಂತನು ಎಪ್ಪತ್ತರ ವಯಸ್ಸಿನಲ್ಲೂ ನೆಲ ನಡುಗುವಂತೆ ಕುಣಿದನು. ಗುಗ್ಗಳದ ಕೊಡಗಳು ಹೊಗೆಯಾಡುತ್ತ ಓಣಿಯಲ್ಲಿ ಸಾಗಿ ತಮ್ಮನ ಮನೆಯ ಮುಂದೆ ಬಂದವು. ಬಾಗಿಲು ಮುಚ್ಚಿತ್ತು. ಪುರವಂತನು ಅಲ್ಲಿಯೇ ನಿಂತು ಒಡಪು ಹೇಳತೊಡಗಿದನು. ಕೊನೆಗೆ ಬಾಗಿಲು ತೆರೆಯಿತು. ತಮ್ಮನ ಹೆಂಡತಿ ತುಂಬಿದ ಕೊಡವನ್ನು ತಂದು ಪುರವಂತನ ಪಾದಕ್ಕೂ ಗುಗ್ಗಳ ಹೊತ್ತವರ ಪಾದಕ್ಕೂ ನೀರೆರೆದಳು. ಮಕ್ಕಳು ಮೆರವಣಿಗೆಯ ಹಿಂದೆ ನಡೆದರು. ತಮ್ಮನು ಅಂದು ಬರಲಿಲ್ಲ. ಅಕ್ಷತೆಯ ಹೊತ್ತಿಗೆ ಬಂದು ಹಂದರದ ಕೊನೆಯ ಕಂಬದ ಬಳಿ ನಿಂತಿದ್ದನ್ನು ನಾವು ಕಂಡೆವು. ಬದುವಿನ ವ್ಯಾಜ್ಯ ಮುಂದೆಯೂ ಬಹುಕಾಲ ಕೋರ್ಟಿನಲ್ಲಿ ನಡೆಯಿತು. ಆದರೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯಲು ತೊಡಗಿದರು.

ದಕ್ಷಯಜ್ಞದ ಕಥೆಯನ್ನು ಶಿರಚ್ಛೇದದಲ್ಲಿಯೇ ನಿಲ್ಲಿಸುವವರು ಅರ್ಧ ಕಥೆಯನ್ನು ಮಾತ್ರ ಕೇಳಿದವರು. ಬ್ರಹ್ಮಾದಿ ದೇವತೆಗಳು ಕೈಲಾಸಕ್ಕೆ ಹೋಗಿ ಪ್ರಾರ್ಥಿಸಿದಾಗ ಪರಶಿವನು ಪ್ರಸನ್ನನಾದನು. ದಕ್ಷನಿಗೆ ಆಡಿನ ತಲೆಯನ್ನಿಟ್ಟು ಪ್ರಾಣವಿತ್ತನು. ಭಗನು ಮಿತ್ರನ ಕಣ್ಣುಗಳಿಂದ ಕಾಣಲಿ, ಪೂಷನು ಹಿಟ್ಟನ್ನು ತಿಂದು ಬಾಳಲಿ ಎಂದು ಅನುಗ್ರಹಿಸಿದನು. ಕೆಟ್ಟ ಯಜ್ಞವನ್ನು ಶಿವನಿಗೆ ಸಲ್ಲಬೇಕಾದ ಭಾಗವನ್ನು ಕೊಟ್ಟು ಪೂರ್ಣಗೊಳಿಸಲಾಯಿತು. ವೀರಭದ್ರನ ಮೂರ್ತಿಯನ್ನು ಕಂಡಾಗ ಬಿಲ್ಲುಬಾಣ, ಕತ್ತಿಗುರಾಣಿಗಳನ್ನಷ್ಟೇ ನೋಡಿ ಹಿಂದಿರುಗಬೇಡಿರಿ. ಪಾದದ ಬಳಿ ಆಡಿನ ಮೋರೆಯ ದಕ್ಷನು ಕೈಮುಗಿದು ನಿಂತಿರುವುದನ್ನೂ ನೋಡಿರಿ. ಶಿವನ ಕೋಪಕ್ಕೆ ಒಂದು ಮೇರೆಯಿದೆ. ಆ ಮೇರೆಯಾಚೆಗೆ ಇರುವುದು ಕರುಣೆ. ಮನುಷ್ಯನ ಕೋಪಕ್ಕೆ ಮೇರೆಯಿಲ್ಲದ್ದರಿಂದಲೇ ಮನೆಗಳು ಒಡೆಯುತ್ತವೆ.

ಇಂದು ವೀರಗಾಸೆಯು ಮೈಸೂರು ದಸರೆಯ ಮೆರವಣಿಗೆಯಲ್ಲಿ ಮೆರೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಆ ಕುಣಿತದ ಮೂಲವು ಮಡಿಯಲ್ಲಿದೆ, ಒಡಪಿನಲ್ಲಿದೆ. ಹಿರಿಯರಾದ ನೀವು ಮಕ್ಕಳನ್ನು ಜಾತ್ರೆಗೆ ಕರೆದೊಯ್ದಾಗ ಒಡಪಿನ ಅರ್ಥವನ್ನೂ ತಿಳಿಸಿರಿ.

ಈ ವರ್ಷ ನಿಮ್ಮ ಮನೆಯಲ್ಲಿ ಗುಗ್ಗಳವೋ ಲಗ್ನವೋ ಇದ್ದರೆ, ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಬಿಟ್ಟುಹೋದ ಹೆಸರೊಂದಿದೆಯೇ ಎಂದು ನೋಡಿಕೊಳ್ಳಿರಿ. ಇದ್ದರೆ ಅಲ್ಲಿಗೆ ಮೊದಲು ಹೋಗಿರಿ. ಮಠಕ್ಕೆ ಆಮೇಲೆ ಬಂದರೂ ನಡೆದೀತು.

ಶ್ರೀ ವೀರಭದ್ರೇಶ್ವರನು ಸರ್ವರಿಗೂ ಸನ್ಮಂಗಲವನ್ನುಂಟುಮಾಡಲೆಂದು ಹಾರೈಸುತ್ತೇವೆ.