ಊಟವಾದ ಮೇಲೆ ಅಜ್ಜನಿಗೇಕೆ ತಲೆಸುತ್ತು?

ಹಬ್ಬದ ದಿನ. ಹೋಳಿಗೆ, ಪಾಯಸದ ಊಟ ಮುಗಿಸಿ ಅಜ್ಜ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಾರೆ. ಅರ್ಧ ಗಂಟೆಯ ಬಳಿಕ ಎದ್ದೊಡನೆ ಕಣ್ಣು ಕತ್ತಲಿಟ್ಟಂತಾಗಿ ಗೋಡೆ ಹಿಡಿಯುತ್ತಾರೆ. ‘ಊಟ ಸ್ವಲ್ಪ ಭಾರವಾಯಿತು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಕಾರಣ ರಕ್ತದೊತ್ತಡದ ಇಳಿತವೂ ಆಗಿರಬಹುದು.

ಮನೆಯ ಕೆಳಗಿನ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಮಹಡಿಯ ನಲ್ಲಿಯಲ್ಲಿ ನೀರು ಸಣ್ಣಗಾಗುವುದನ್ನು ನೀವು ನೋಡಿರಬಹುದು. ಊಟವಾದಾಗ ದೇಹದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಆಹಾರ ಜೀರ್ಣವಾಗಲು ಜಠರ ಮತ್ತು ಕರುಳುಗಳಿಗೆ ಹೆಚ್ಚು ರಕ್ತ ಬೇಕು. ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ. ಆಗ ಒತ್ತಡ ಕುಸಿಯದಂತೆ ಹೃದಯ ಬೇಗ ಬಡಿಯುತ್ತದೆ. ಉಳಿದೆಡೆಯ ರಕ್ತನಾಳಗಳು ಬಿಗಿಯಾಗುತ್ತವೆ. ಒತ್ತಡದ ಏರಿಳಿತವನ್ನು ಗುರುತಿಸಿ ಮೆದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳು ಕುತ್ತಿಗೆಯ ಹಾಗೂ ಎದೆಯ ಮಹಾಧಮನಿಗಳಲ್ಲಿವೆ. ವಯಸ್ಸಾದಂತೆ ಈ ವ್ಯವಸ್ಥೆ ಮಂದವಾಗುತ್ತದೆ. ಸಕ್ಕರೆ ಕಾಯಿಲೆ, ಪಾರ್ಕಿನ್‌ಸನ್ ಕಾಯಿಲೆ ಇದ್ದವರಲ್ಲಿ ತೊಂದರೆ ಇನ್ನೂ ಹೆಚ್ಚು.

ಪಾರ್ಕಿನ್‌ಸನ್ ರೋಗಿಯೊಬ್ಬರಲ್ಲಿ ಇದು ಕಂಡುಬಂದ ವರದಿ 1977ರಲ್ಲಿ ಪ್ರಕಟವಾಯಿತು. 1983ರಲ್ಲಿ ಅಮೆರಿಕದ ವೈದ್ಯ ಲೂಯಿಸ್ ಲಿಪ್ಸಿಟ್ಜ್ ಮತ್ತು ಸಂಗಡಿಗರು ವೃದ್ಧರಲ್ಲಿ ಇದನ್ನು ಅಳೆದು ತೋರಿಸಿದರು. ಊಟವಾದ 2 ಗಂಟೆಯೊಳಗೆ ಮೇಲಿನ ಒತ್ತಡ 20 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಅದನ್ನು ಊಟದ ನಂತರದ ಕಡಿಮೆ ರಕ್ತದೊತ್ತಡ ಎನ್ನುತ್ತಾರೆ. ಉದಾಹರಣೆಗೆ, 150 ಇದ್ದದ್ದು 125ಕ್ಕೆ ಇಳಿಯುವುದು. ಹೆಚ್ಚು ಒತ್ತಡಕ್ಕೆ ಮಾತ್ರೆ ನುಂಗುವವರಿಗೂ ಹೀಗಾಗಬಹುದು. ಬೆಳಿಗ್ಗೆ ಮಾತ್ರ ಅಳೆದರೆ ಮಧ್ಯಾಹ್ನದ ಈ ಇಳಿತ ತಿಳಿಯುವುದೇ ಇಲ್ಲ. ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ತಿಳಿದರೆ ಫಲವೇನು?

ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ ಮಕ್ಕಳೂ ನೆರವಾಗಬಹುದು. ಊಟಕ್ಕೆ ಮೊದಲು ಒಮ್ಮೆ, ಊಟದ ನಂತರ 2 ಗಂಟೆಯವರೆಗೆ ಅರ್ಧ ಗಂಟೆಗೊಮ್ಮೆ ಅಳೆದು ಬರೆದಿಡಿ. ಕೆಲವು ದಿನಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಹೊತ್ತನ್ನೂ ಬದಲಿಸಬೇಡಿ.

ಸಿಹಿ ಮತ್ತು ಪಿಷ್ಟ ಹೆಚ್ಚಿರುವ ದೊಡ್ಡ ಊಟದಿಂದ ಇಳಿತ ಹೆಚ್ಚು. ಆದ್ದರಿಂದ ಒಂದೇ ಸಲ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಣ್ಣುವುದು ಲೇಸು. ಅನ್ನ ಕಡಿಮೆ ಮಾಡಿ ಪಲ್ಯ, ಬೇಳೆ, ಮಜ್ಜಿಗೆ ಹೆಚ್ಚಿಸಬಹುದು. ಊಟಕ್ಕೆ ಮೊದಲು ಒಂದೆರಡು ಲೋಟ ನೀರು ಕುಡಿದರೆ ಒತ್ತಡ ಇಳಿಯುವುದು ತಗ್ಗುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಊಟವಾದ ಒಂದೆರಡು ಗಂಟೆ ಅಜ್ಜ ಅಜ್ಜಿಯರು ದಡಕ್ಕನೆ ಏಳದಿರಲಿ. ಏಳುವಾಗ ಹಿಡಿದುಕೊಳ್ಳಲು ಮೊಮ್ಮಕ್ಕಳ ಕೈ ಹತ್ತಿರವಿರಲಿ.