ಕೂಸಿನ ಮೊದಲನೆಯ ಪಾಟಿ

ಮನುಷ್ಯನು ಈ ಲೋಕಕ್ಕೆ ಬಂದ ಮೇಲೆ ಕಲಿಯತಕ್ಕ ವಿದ್ಯೆಗಳಲ್ಲಿ ಮೊದಲನೆಯದು ಯಾವದು? ಅಕ್ಷರವೆಂದು ಪಂಡಿತರು ಹೇಳಬಹುದು. ಮಾತೆಂದು ತಾಯಂದಿರು ಹೇಳಬಹುದು. ಆದರೆ ಅಕ್ಷರವಿಲ್ಲದೆ ಬಾಳಿದವರು ಅಸಂಖ್ಯ ಜನರಿದ್ದಾರೆ; ಮಾತಾದರೋ ಯಾರೂ ಪಾಠ ಹೇಳದೆಯೇ ಕೂಸಿನ ಬಾಯಿಗೆ ಬರುವದು. ತನ್ನ ದೇಹದ ಕರೆಯನ್ನು ತಾನು ಅರಿತು, ಅರಗಳಿಗೆ ತಾಳಿಕೊಂಡು, ತಕ್ಕ ಸ್ಥಳಕ್ಕೆ ಹೋಗಿ ಮಲಮೂತ್ರಗಳನ್ನು ವಿಸರ್ಜಿಸುವ ವಿದ್ಯೆಯನ್ನು ಮಾತ್ರ ಅರಸನಾಗಲಿ ಆಳಾಗಲಿ ಯಾರಾದರೊಬ್ಬರಿಂದ ಕಲಿತೇ ಇರುವನು. ಕಲಿಸಿದವರ ಉಪಕಾರವನ್ನು ಯಾರೂ ನೆನೆಯುವದಿಲ್ಲ. ಈ ವಿಷಯವನ್ನು ನಾಲ್ವರ ಮುಂದೆ ಆಡಲು ಹಲವರಿಗೆ ಸಂಕೋಚವು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮನೆಯೊಳಗಿನ ಈ ಕೆಲಸದ ಮಾತಿಗೆ ಸ್ಥಳವಿಲ್ಲವಾದರೆ ಬೇರೆಲ್ಲಿ ಅದಕ್ಕೆ ಸ್ಥಳವು?

ಈಗ ನಮ್ಮ ಕಾರಟಗಿಯಂತಹ ಊರಿನ ಅಂಗಡಿಗಳಲ್ಲಿಯೂ ಕೂಸನ್ನು ಕುಳ್ಳಿರಿಸುವ ಬಣ್ಣದ ಪ್ಲಾಸ್ಟಿಕ್ ಪೀಠವು ದೊರೆಯುವದು. ಅದಕ್ಕೆ 'ಪಾಟಿ' ಎನ್ನುತ್ತಾರೆ. ನಮ್ಮ ಕಡೆಯವರಿಗೆ ಪಾಟಿಯೆಂದರೆ ಬಳಪದಿಂದ ಬರೆಯುವ ಕಲ್ಲಿನ ಹಲಗೆಯು. ಮೊಮ್ಮಗನಿಗೆ ಪಾಟಿ ತರಬೇಕೆಂದು ಸೊಸೆ ಹೇಳಿದುದನ್ನು ಕೇಳಿ ಒಬ್ಬ ಅಜ್ಜಿಯವರು, "ಎರಡ ವರ್ಷದ ಕೂಸಿಗೆ ಈಗ್ಲೇ ಪಾಟಿ ಯಾಕ್ರೀ ಮಾಸ್ತರ?" ಎಂದು ನನ್ನನ್ನು ಕೇಳಿದರು. ಕೇಳಿದವರೆಲ್ಲರೂ ನಕ್ಕರು. ಆದರೆ ಆ ಮಾತಿನಲ್ಲಿ ತತ್ತ್ವವೂ ಅಡಗಿದೆ. ಎರಡು ಪಾಟಿಗಳಿಗೂ ನಿಯಮವು ಒಂದೇ: ತಪ್ಪಿದರೆ ಒರೆಸಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಒರೆಸುವಾಗ ಕೂಸಿನ ಮೇಲೆ ಕೋಪ ಮಾಡತಕ್ಕದ್ದಲ್ಲ. ಈ ಲೇಖನದಲ್ಲಿ ನಾನು ಹೇಳಬೇಕಾದುದೆಲ್ಲ ಇದರೊಳಗೇ ಇರುವದು. ಉಳಿದದ್ದು ಇದರ ವಿವರಣೆಯು.

ನಮ್ಮ ಹಿರಿಯ ಹೆಂಗಸರಿಗೆ ಪ್ಲಾಸ್ಟಿಕ್ ಪೀಠವು ಬೇಕಾಗಿರಲಿಲ್ಲ. ಅವರ ಪಾದಗಳೇ ಪೀಠವಾಗಿದ್ದವು. ತಾಯಿಯೋ ಅಜ್ಜಿಯೋ ನೆಲದ ಮೇಲೆ ಕುಳಿತು, ಕಾಲುಗಳನ್ನು ಮುಂದಕ್ಕೆ ಚಾಚಿ, ಪಾದಗಳ ನಡುವೆ ತುಸು ಎಡೆಬಿಟ್ಟು, ಅವುಗಳ ಮೇಲೆ ಕೂಸನ್ನು ಕುಳ್ಳಿರಿಸಿ, ಎರಡೂ ಕೈಗಳಿಂದ ಹಿಡಿದು 'ಶ್‌ಶ್' ಎಂದು ಸಪ್ಪಳ ಮಾಡುವಳು. ಎದ್ದ ಕೂಡಲೆ ಒಮ್ಮೆ, ಹಾಲು ಕುಡಿದ ಮೇಲೆ ಒಮ್ಮೆ, ಮಲಗಿಸುವ ಮುನ್ನ ಒಮ್ಮೆ, ಹೀಗೆ ನಿತ್ಯವೂ ನಡೆಯಲು, ಕೆಲವು ತಿಂಗಳುಗಳಲ್ಲಿ ಕೂಸು ಆ ಸಪ್ಪಳವನ್ನು ಕೇಳಿದೊಡನೆ ತನ್ನ ಕೆಲಸವನ್ನು ಮುಗಿಸುವದು. ಇದು ನಮ್ಮ ದೇಶವೊಂದರದೇ ರೂಢಿಯಲ್ಲ. ಪೂರ್ವ ಆಫ್ರಿಕೆಯ ಡಿಗೋ ಎಂಬ ಜನರಲ್ಲಿ ತಾಯಂದಿರು ಕೂಸಿಗೆ ಎರಡು ಮೂರು ವಾರಗಳಾಗುತ್ತಲೇ ಇಂತಹ ಅಭ್ಯಾಸವನ್ನು ತೊಡಗಿ, ಐದಾರು ತಿಂಗಳಲ್ಲಿ ಫಲವನ್ನು ಕಾಣುವರೆಂದು ಡಿವ್ರೀಸ್ ಎಂಬ ಸಂಶೋಧಕರಿಬ್ಬರು 1977ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಬರೆದರು.

ಇದಕ್ಕೆ ವಿರುದ್ಧವಾಗಿ ತೋರುವ ಮತವೂ ಉಂಟು. ಅಮೇರಿಕೆಯ ಶಿಶುವೈದ್ಯರಾದ ಟಿ. ಬೆರಿ ಬ್ರೇಜಲ್ಟನ್ನರು 1170 ಮಕ್ಕಳ ವೃತ್ತಾಂತವನ್ನು 1962ರಲ್ಲಿ ಪ್ರಕಟಿಸಿದರು. ಕೂಸನ್ನು ಬಲಾತ್ಕರಿಸದೆ, ಅದು ತಾನಾಗಿ ಸಿದ್ಧವಾದ ಕುರುಹುಗಳನ್ನು ನೋಡಿಕೊಂಡು ಕಲಿಸಬೇಕೆಂಬದು ಅವರ ಉಪದೇಶವು. ಹಾಗೆ ಕಲಿತ ಆ ಮಕ್ಕಳು ಹಗಲು ಹೊತ್ತಿನಲ್ಲಿ ಸರಾಸರಿ 28.5 ತಿಂಗಳ ವಯಸ್ಸಿಗೆ ಸ್ವತಂತ್ರರಾದರು. ಹಾಗಾದರೆ ಆರು ತಿಂಗಳು ನಿಜವೋ, ಎರಡೂಕಾಲು ವರ್ಷ ನಿಜವೋ? ವಿಚಾರಿಸಿದರೆ ಎರಡೂ ನಿಜವೇ. ಮೊದಲನೆಯದರಲ್ಲಿ ಹೊತ್ತನ್ನು ಅರಿತು ಎತ್ತಿಕೊಂಡು ಹೋಗುವವಳು ತಾಯಿಯು; ಕೂಸು ಆಕೆಯೊಡನೆ ಸಹಕರಿಸುವದು. ಎರಡನೆಯದರಲ್ಲಿ ಹೊತ್ತನ್ನು ಅರಿತು, ಹೇಳಿ, ನಡೆದುಹೋಗಿ, ಚಡ್ಡಿಯನ್ನು ಜಾರಿಸಿ ಕುಳಿತುಕೊಳ್ಳುವದು ಕೂಸೇ. ಮೊದಲನೆಯದು ತಾಯಿಯ ಜಾಗರೂಕತೆ, ಎರಡನೆಯದು ಕೂಸಿನ ಸ್ವಾತಂತ್ರ್ಯ. ಬಗಲಲ್ಲಿ ಕೂಸನ್ನಿಟ್ಟುಕೊಂಡು ದಿನವೆಲ್ಲ ಮನೆಯಲ್ಲಿರುವ ತಾಯಿಗೆ ಹಳೆಯ ಪದ್ಧತಿಯು ಸುಲಭವು. ಅದು ಸಾಧ್ಯವಾಗದ ತಾಯಿಯು ತಾನು ಹಿಂದೆ ಬಿದ್ದೆನೆಂದು ವ್ಯಸನಪಡಬೇಕಾದ ಕಾರಣವಿಲ್ಲ.

ಕೂಸು ಸಿದ್ಧವಾಯಿತೆಂದು ತಿಳಿಯುವದು ಹೇಗೆ? ಹದಿನೆಂಟು ತಿಂಗಳಿಂದ ಎರಡು ವರ್ಷದ ಸುಮಾರಿಗೆ ಬಹಳ ಮಕ್ಕಳಲ್ಲಿ ಕೆಲವು ಗುರುತುಗಳು ಕಾಣುವವು. ಎರಡು ತಾಸುಗಳವರೆಗೆ ಬಟ್ಟೆಯು ಒಣಗಿರುವದು. ಮಲಬಾಧೆಯಾದಾಗ ಕೂಸು ಆಟವನ್ನು ನಿಲ್ಲಿಸಿ ಮೂಲೆಗೆ ಸರಿಯುವದು, ಇಲ್ಲವೆ ಬಾಗಿಲ ಹಿಂದೆ ಅಡಗುವದು. ಒದ್ದೆಯಾದೊಡನೆ ಬಟ್ಟೆಯನ್ನು ಜಗ್ಗುವದು. 'ಬಾ, ಕೂಡು, ತಾ' ಎಂಬ ಸಣ್ಣ ಮಾತುಗಳನ್ನು ತಿಳಿದು ನಡೆಯುವದು. ಈ ಗುರುತುಗಳು ಒಂದರಲ್ಲಿ ಬೇಗ, ಇನ್ನೊಂದರಲ್ಲಿ ತಡವಾಗಿ ಬರುವವು. ನೆರೆಮನೆಯ ಕೂಸು ಕಲಿಯಿತೆಂದು ನಮ್ಮ ಕೂಸನ್ನು ಅವಸರಪಡಿಸುವದು ಹೀಚುಗಾಯಿಯನ್ನು ಹಿಸುಕಿ ಹಣ್ಣು ಮಾಡಹೊರಟಂತೆಯೇ ಸರಿ.

ಈ ವಿಷಯದಲ್ಲಿ ನಮ್ಮ ಪ್ರಾಚೀನ ವೈದ್ಯರ ವಿವೇಕವು ನೆನೆಯತಕ್ಕದ್ದು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಹಿಡಿಯಬಾರದ 13 ವೇಗಗಳನ್ನು ಹೇಳುತ್ತದೆ; ಅವುಗಳಲ್ಲಿ ಮೂತ್ರ ಪುರೀಷಗಳೇ ಮೊದಲಿನವು. ವಾಗ್ಭಟನು ಅಷ್ಟಾಂಗಹೃದಯದಲ್ಲಿ, ಬಂದ ವೇಗವನ್ನು ತಡೆಯುವದು ಹೇಗೆ ರೋಗಕ್ಕೆ ಮೂಲವೋ ಬಾರದ ವೇಗವನ್ನು ಬಲಾತ್ಕಾರದಿಂದ ಹೊರಡಿಸುವದೂ ಹಾಗೆಯೇ ಎಂದಿದ್ದಾನೆ. ಕೂಸನ್ನು ಅರ್ಧ ತಾಸು ಪೀಠದ ಮೇಲೆ ಕುಳ್ಳಿರಿಸಿ 'ಮಾಡು, ಮಾಡು' ಎಂದು ಪೀಡಿಸುವವರಿಗೆ ಇದು ತಕ್ಕ ಉತ್ತರವು. ಐದು ನಿಮಿಷ ಸಾಕು. ಬಾರದಿದ್ದರೆ ಎಬ್ಬಿಸಿ ಆಟಕ್ಕೆ ಬಿಡಬೇಕು.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದುದು. ಅಳುವ, ಉಣ್ಣದ, ಹೇಳಿದಂತೆ ಕೇಳದ ಕೂಸನ್ನು ರಾಕ್ಷಸ ಪಿಶಾಚ ಪೂತನಿಯರ ಹೆಸರು ಹೇಳಿ ಅಂಜಿಸಬಾರದೆಂದು ಚರಕನು ಶಾರೀರಸ್ಥಾನದಲ್ಲಿ ಸ್ಪಷ್ಟವಾಗಿ ವಿಧಿಸಿದ್ದಾನೆ. ಅಷ್ಟು ಪ್ರಾಚೀನ ಕಾಲದ ವೈದ್ಯನು ಕಂಡ ಈ ಸತ್ಯವನ್ನು ನಾವು ಇಂದಿಗೂ ಮರೆಯುತ್ತೇವೆ. ಚಡ್ಡಿಯಲ್ಲಿ ಉಚ್ಚಿ ಹೊಯ್ದ ಕೂಸನ್ನು ಚಿವುಟುವದು, ಬರೆ ಕೊಡುವೆನೆಂದು ಬೆದರಿಸುವದು, ಬಂದವರ ಮುಂದೆ ಮೂಗು ಮುಚ್ಚಿ ಹಾಸ್ಯ ಮಾಡುವದು ನಮ್ಮ ಓಣಿಗಳಲ್ಲಿ ಅಪರೂಪವಲ್ಲ. ಇದರ ಫಲವೇನು? ಹೆದರಿದ ಕೂಸು ಮಲವನ್ನು ಬಿಗಿಹಿಡಿಯುವದು. ಬಿಗಿಹಿಡಿದ ಮಲವು ಒಳಗೆ ಒಣಗಿ ಗಟ್ಟಿಯಾಗುವದು. ಗಟ್ಟಿಯಾದುದು ಹೊರಬೀಳುವಾಗ ನೋಯಿಸುವದು. ನೋವನ್ನು ನೆನೆದು ಕೂಸು ಮರುದಿನ ಮತ್ತಷ್ಟು ಬಿಗಿಹಿಡಿಯುವದು. ಈ ಚಕ್ರಕ್ಕೆ ಸಿಕ್ಕ ಕೂಸನ್ನು ಹಟಮಾರಿಯೆಂದು ಬೈಯುವದು ಅನ್ಯಾಯವು. ಅದಕ್ಕೆ ಬೇಕಾದುದು ನೀರು, ಬಾಳೆಹಣ್ಣು ಪಪ್ಪಾಯಿಗಳಂತಹ ಹಣ್ಣು, ಸೊಪ್ಪು, ಹೆಸರುಬೇಳೆಯ ಮೆತ್ತನೆಯ ಅನ್ನ, ಹಾಗೂ ಅಂಜಿಕೆಯಿಲ್ಲದ ನಾಲ್ಕು ದಿನಗಳು.

ಕಲಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಹೊಟ್ಟೆಗೆ ಆಹಾರವು ಬಿದ್ದೊಡನೆ ಕರುಳು ಚಲಿಸುವದು ದೇಹಧರ್ಮವು. ಆದುದರಿಂದ ಉಂಡ ಬಳಿಕ ಕುಳ್ಳಿರಿಸಿದರೆ ಫಲವು ಬೇಗ ಕಾಣುವದು. ಕಾಲಿಗೆ ನೆಲವು ನಿಲುಕುವಂತೆ ಪೀಠವು ಗಿಡ್ಡದಾಗಿರಬೇಕು. ದೊಡ್ಡವರ ಪಾಯಖಾನೆಯ ಕುಳಿಯನ್ನು ಕಂಡು ತಾನು ಒಳಗೆ ಬಿದ್ದೇನೆಂದು ಕೂಸು ಅಂಜುವದು ಸಹಜವು; ಅಲ್ಲಿ ಕುಳ್ಳಿರಿಸುವಾಗ ಕೈಹಿಡಿದುಕೊಂಡಿರಬೇಕು. ಗುಂಡಿ ಲಾಡಿಗಳಿಲ್ಲದ, ಕೂಸೇ ಕೆಳಕ್ಕೆ ಎಳೆಯಬಲ್ಲ ಸಡಿಲವಾದ ಚಡ್ಡಿಯಿರಲಿ. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಲಿ. ತಾಯಿ 'ಒಂದಕ್ಕೆ' ಎಂದು, ಅಜ್ಜಿ 'ಉಚ್ಚಿ' ಎಂದು, ಅತ್ತೆ 'ಸುಸು' ಎಂದು ಕರೆದರೆ ಕೂಸು ಯಾವದನ್ನು ಕಲಿತೀತು? ಕೆಲಸವಾದಾಗ 'ಶಾಣ್ಯಾ ಕೂಸು' ಎಂಬ ಒಂದು ಮಾತು ಸಾಕು. ಪ್ರತಿ ಸಲಕ್ಕೂ ಪೇಪರಮೆಂಟಿನ ಲಂಚವು ಬೇಡ. ಹೆಣ್ಣು ಕೂಸನ್ನು ತೊಳೆಯುವಾಗ ಕೈಯು ಮುಂದಿನಿಂದ ಹಿಂದಕ್ಕೆ ಹೋಗಬೇಕು. ಕಡೆಯಲ್ಲಿ ಕೂಸಿನ ಕೈಗಳನ್ನೂ ತೊಳೆದವರ ಕೈಗಳನ್ನೂ ಸಾಬೂನಿನಿಂದ ತೊಳೆಯಲೇಬೇಕು. ಇದು ಪಾಠದ ಅರ್ಧ ಭಾಗವು.

ಇಷ್ಟೆಲ್ಲ ಹೇಳುವದು ಸುಲಭವು. ಆದರೆ ಕಲಿಸುವವರು ಯಾರು? ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ನಮ್ಮ ಕಾರಟಗಿಯ ಸೀಮೆಯು ಭತ್ತದ ನಾಡಾಗಿದೆ. ನಾಟಿಯ ದಿನಗಳಲ್ಲಿ ಕೂಲಿಯ ಹೆಣ್ಣುಮಕ್ಕಳು ಹೊತ್ತು ಹುಟ್ಟುವ ಮೊದಲೇ ಗದ್ದೆಗೆ ನಡೆಯುವರು. ಕೂಸು ಅಜ್ಜಿಯ ಪಾಲಿಗೆ. ಅಜ್ಜಿಯಿಲ್ಲದ ಮನೆಯಲ್ಲಿ ಎಂಟು ಹತ್ತು ವರ್ಷದ ಅಕ್ಕನ ಪಾಲಿಗೆ. ತಮ್ಮನ ಚಡ್ಡಿ ಬದಲಿಸುತ್ತ ಮನೆಯಲ್ಲುಳಿದ ಅಕ್ಕನ ಹೆಸರಿನ ಮುಂದೆ ಗೈರುಹಾಜರಿಯನ್ನು ಬರೆದವನು ನಾನು. ಕೂಸಿನ ಈ ಪಾಠವು ಹೆಂಗಸರದಷ್ಟೇ ಎಂದು ಗಂಡಸರು ಭಾವಿಸಿರುವವರೆಗೆ ಅದರ ಭಾರವು ಹುಡುಗಿಯ ಪಾಟಿಚೀಲದ ಮೇಲೆಯೇ ಬೀಳುವದು. ತಂದೆಯು ಬೆಳಿಗ್ಗೆ ಹತ್ತು ನಿಮಿಷ ಕೂಸಿನೊಡನೆ ಕುಳಿತರೆ ಅವನ ಗೌರವಕ್ಕೆ ಕುಂದಿಲ್ಲ. ಮಗನಿಗೆ ಅಕ್ಷರಾಭ್ಯಾಸ ಮಾಡಿಸುವ ಕೈಗೆ ಇದು ನಿಷಿದ್ಧವಲ್ಲ.

ಸ್ಥಳದ ಮಾತೂ ಇದೆ. ಮನೆಯಲ್ಲಿ ಪಾಯಖಾನೆಯಿಲ್ಲದಿದ್ದರೆ ಕೂಸಿಗೆ ಕಲಿಸುವದಾದರೂ ಏನನ್ನು? ನಮ್ಮ ಕೊಪ್ಪಳ ಜಿಲ್ಲೆಯ 16 ವರ್ಷದ ಬಾಲಿಕೆಯೊಬ್ಬಳು ಪಾಯಖಾನೆಗಾಗಿ ತನ್ನ ಮನೆಯವರ ಎದುರಿಗೇ ಸತ್ಯಾಗ್ರಹ ಹೂಡಿದಳು. ಗ್ರಾಮ ಪಂಚಾಯತಿಯ ಅಧ್ಯಕ್ಷರು 18,000 ರೂಪಾಯಿಗಳನ್ನು ಹೊಂದಿಸಿ ಒಂದು ವಾರದಲ್ಲಿ ಅದನ್ನು ಕಟ್ಟಿಸಿಕೊಟ್ಟರು. 2016ರ ಆಗಸ್ಟ್ ತಿಂಗಳ ಆಕಾಶವಾಣಿಯ ಭಾಷಣದಲ್ಲಿ ಪ್ರಧಾನಮಂತ್ರಿಗಳು ಈ ಸಂಗತಿಯನ್ನು ದೇಶಕ್ಕೆಲ್ಲ ತಿಳಿಸಿದರು. ಆದರೆ ಪಾಯಖಾನೆಯುಳ್ಳ ಮನೆಯಲ್ಲಿಯೂ ಕೂಸಿನದು ಹೊಲಸಲ್ಲವೆಂಬ ಭಾವನೆಯಿಂದ ಅದನ್ನು ಗಟಾರದಲ್ಲಿಯೋ ತಿಪ್ಪೆಯಲ್ಲಿಯೋ ಚೆಲ್ಲುವವರುಂಟು. ಭೇದಿಯ ರೋಗಾಣುಗಳೂ ಜಂತುಗಳ ತತ್ತಿಗಳೂ ಕೂಸಿನ ಮಲದಲ್ಲಿಯೂ ಇರುವವು. ಅದು ಪಾಯಖಾನೆಗೇ ಹೋಗಬೇಕು. ತೊಟ್ಟು ಬಿಸಾಡುವ ಡೈಪರುಗಳನ್ನು ಕಾಲುವೆಗೆ ಎಸೆಯುವದಂತೂ ಕೆಳಗಿನ ಊರಿನವರ ನೀರಿಗೆ ಹೊಲಸು ಬೆರೆಸಿದಂತೆಯೇ. ಪ್ರಯಾಣಕ್ಕೆ ಡೈಪರು ಅನುಕೂಲವೆಂಬದು ದಿಟ. ಆದರೆ ಹಗಲಿರುಳು ಅದರಲ್ಲಿಯೇ ಇರುವ ಕೂಸಿಗೆ ಒದ್ದೆಯ ಅರಿವೇ ಆಗದಿರಲು, ಅದು ಕಲಿಯುವದು ತಡವಾಗುವದು.

ಮೂರು ವರ್ಷ ತುಂಬಿದ ಕೂಸು ಅಂಗನವಾಡಿಗೆ ಹೋಗುವದು, ಮುಂದೆ ಶಾಲೆಗೆ. ಅಲ್ಲಿ ಕಿರುಬೆರಳೆತ್ತಿ ಕೇಳಲು ಅಂಜಿ ತೊಡೆ ಬಿಗಿಹಿಡಿದು ಕುಳಿತ ಮಕ್ಕಳನ್ನು ನಾನು ಪ್ರತಿವರ್ಷವೂ ಕಂಡಿದ್ದೇನೆ. ಆ ಅಂಜಿಕೆಯ ಬೀಜವು ಬಹುಮಟ್ಟಿಗೆ ಮನೆಯಲ್ಲಿಯೇ ಬಿದ್ದಿರುವದು. ದೇಹದ ಕರೆಯನ್ನು ಹೇಳಿಕೊಂಡದ್ದಕ್ಕೆ ಏಟು ತಿಂದ ಕೂಸು ಗುರುವಿನ ಮುಂದೆ ಬಾಯಿ ತೆರೆಯುವದೇ? ಶಿಕ್ಷಕರೂ ಇದನ್ನರಿತು, ಕೇಳಿದ ಕೂಸನ್ನು ಆ ಕ್ಷಣವೇ ಹೊರಕ್ಕೆ ಬಿಡಬೇಕು.

ರಾತ್ರಿಯ ವಿಷಯವೇ ಬೇರೆ. ಹಗಲಿನಲ್ಲಿ ಗೆದ್ದ ಕೂಸು ರಾತ್ರಿ ಹಾಸಿಗೆಯನ್ನು ಒದ್ದೆ ಮಾಡುವದು ಬಹುಕಾಲ ಉಳಿಯಬಹುದು. ಐದು ವರ್ಷದ ಮಕ್ಕಳಲ್ಲಿಯೂ ನೂರಕ್ಕೆ ಸುಮಾರು 15 ಮಕ್ಕಳು ಹಾಗೆ ಮಾಡುವವು. ನಿದ್ದೆಯಲ್ಲಿ ಆಗುವದಕ್ಕೆ ಕೂಸು ಹೊಣೆಯಲ್ಲ. ಮನೆಗೆ ಎಳೆಗೂಸು ಬಂದಾಗಲೂ ಕಲಿತದ್ದನ್ನು ಹಿರಿಯ ಕೂಸು ಮರೆಯಬಹುದು. ಅದು ಪ್ರೀತಿಯನ್ನು ಬೇಡುವ ರೀತಿಯೆಂದು ತಿಳಿಯಬೇಕು. ಆದರೆ ಮಲದಲ್ಲಿ ರಕ್ತ, ಮೂತ್ರದಲ್ಲಿ ಉರಿ, ಜ್ವರ, ಬಿಡದ ಮಲಬದ್ಧತೆ, ನಾಲ್ಕು ವರ್ಷ ದಾಟಿದರೂ ಹಗಲಿನಲ್ಲಿ ಹತೋಟಿ ಬಾರದಿರುವದು, ಇವುಗಳಲ್ಲಿ ಯಾವದು ಕಂಡರೂ ವೈದ್ಯರಲ್ಲಿಗೆ ಹೋಗುವದು ವಿಹಿತವು.

ತಾಯಂದಿರೇ, ತಂದೆಗಳೇ, ಈ ಪಾಠದಲ್ಲಿ ತೇರ್ಗಡೆಯಾಗದೆ ಉಳಿದ ಆರೋಗ್ಯವಂತ ಕೂಸನ್ನು ನಾನು ಕಂಡಿಲ್ಲ. ಇಂದಲ್ಲ ನಾಳೆ ಎಲ್ಲವೂ ಕಲಿಯುವವು. ಕಲಿತ ಬಗೆಯು ಮಾತ್ರ ಉಳಿಯುವದು. 'ನನ್ನ ದೇಹವು ನಾಚಿಕೆಗೇಡು, ನನ್ನ ತಪ್ಪಿಗೆ ಏಟೇ ಗತಿ' ಎಂದು ಕಲಿತ ಕೂಸೊಂದು. 'ತಪ್ಪಿದರೆ ಒರೆಸುವರು, ಮತ್ತೆ ಕೈಹಿಡಿಯುವರು' ಎಂದು ಕಲಿತ ಕೂಸಿನ್ನೊಂದು. ಮುಂದೆ ಎರಡನೆಯ ಪಾಟಿಯನ್ನು ಹಿಡಿದು ಶಾಲೆಗೆ ಬಂದಾಗ ಇವೆರಡರಲ್ಲಿ ಯಾವದು ಧೈರ್ಯದಿಂದ ಬಳಪವನ್ನೆತ್ತುವದೆಂಬದನ್ನು ನಾನು ಹೇಳಬೇಕಾಗಿಲ್ಲ.