ನೂಲಿನಲ್ಲಿ ಅಳೆಯುವ ವಿಮಾನದಾರಿ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ದೂರ ಎಂದು ಮಗಳು ಕೇಳಿದರೆ ಗೋಡೆಯ ಭೂಪಟಕ್ಕೆ ಸ್ಕೇಲು ಹಿಡಿಯಬೇಡಿ. ದುಂಡಗಿನ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆಯಾಗಿ ಹರಡಿದಾಗ ದೂರಗಳು ಏರುಪೇರಾಗುತ್ತವೆ. ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ನೂಲು ಬಿಗಿಯಾಗಿ ಎಳೆಯಿರಿ. ಅದು ಪೆಸಿಫಿಕ್ ಸಾಗರವನ್ನು ನೇರವಾಗಿ ದಾಟದೆ ಸೈಬೀರಿಯಾ, ಅಲಾಸ್ಕಾಗಳ ಕಡೆ ಹೋಗುತ್ತದೆ! ಅದೇ ನೂಲನ್ನು ಭೂಮಧ್ಯರೇಖೆಯ ಗುರುತುಗಳ ಮೇಲಿಟ್ಟು ಎಣಿಸಿದರೆ ಸುಮಾರು 126 ಡಿಗ್ರಿ. ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದರೆ 13,986 ಕಿ.ಮೀ.

ಆದರೆ ವಿಮಾನ ನೂಲನ್ನೇ ಹಿಡಿದು ಹೋಗುವುದಿಲ್ಲ. ಗಾಳಿ, ಇಂಧನ ನೋಡಿ ದಾರಿ ಬದಲಿಸುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಾಗಿ ಬೆಂಗಳೂರಿಗೆ ತಂದಿಳಿಸಿದರು. ಹುಡುಗಿಯರಿಗೆ ಗಣಿತವೇಕೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಗ್ಲೋಬಿನ ಮೇಲೆ ಆ ದಾರಿಗೂ ಮಗಳಿಂದಲೇ ನೂಲು ಎಳೆಸಿ ನೋಡಿ: 129 ಡಿಗ್ರಿ ಬರುತ್ತದೆ.